ನಡುಕಿವಿಯ ಶಸ್ತ್ರಚಿಕಿತ್ಸೆ: ಉಳಿಯಿಂದ ಒತ್ತಡ ಅಳೆಯುವ ಡ್ರಿಲ್‌ವರೆಗೆ

ಜರ್ಮನಿಯ ಹಾಲೆ ನಗರದ ಹೆರ್ಮಾನ್ ಶ್ವಾರ್ಟ್ಸೆ ಮತ್ತು ಅವರ ಸಹಾಯಕ ಅಡಾಲ್ಫ್ ಐಸೆಲ್ 1873ರಲ್ಲಿ ಕಿವಿಯ ಹಿಂಬದಿಯ ಮ್ಯಾಸ್ಟಾಯ್ಡ್ ಮೂಳೆಯನ್ನು ತೆರೆದು ಕೀವು ಹೊರಹಾಕುವ ವಿಧಾನವನ್ನು ವಿವರಿಸಿದಾಗ ಅವರ ಮುಖ್ಯ ಉಪಕರಣಗಳು ಉಳಿ ಮತ್ತು ಸುತ್ತಿಗೆಗಳೇ ಆಗಿದ್ದವು. ಸೋಂಕು ಮೆದುಳಿಗೆ ಹರಡದಂತೆ ತಡೆದು ಜೀವ ಉಳಿಸುವುದೇ ಆಗಿನ ಗುರಿಯಾಗಿದ್ದರಿಂದ ಅಷ್ಟು ಸಾಕಾಗುತ್ತಿತ್ತು. ಕಳೆದುಹೋದ ಶ್ರವಣವನ್ನು ಮರಳಿ ಕೊಡುವ ಆಸೆ ಚಿಗುರಿದ ಮೇಲೆಯೇ ಉಪಕರಣದ ನಿಖರತೆಯ ಪ್ರಶ್ನೆ ತೀವ್ರವಾಯಿತು.

ಮೊದಲು ಬಗೆಹರಿದದ್ದು ಕಣ್ಣಿನ ಕೊರತೆ. ಸ್ವೀಡನ್ನಿನ ಕಾರ್ಲ್ ಉಲೋಫ್ ನ್ಯೂಲೆನ್ 1921ರಲ್ಲಿ ಒಂದೇ ಕಣ್ಣಿನಿಂದ ನೋಡುವ ಸೂಕ್ಷ್ಮದರ್ಶಕವನ್ನು ಕಿವಿಯ ಶಸ್ತ್ರಚಿಕಿತ್ಸೆಗೆ ತಂದರು. ಮರುವರ್ಷವೇ ಗುನ್ನಾರ್ ಹೋಮ್‌ಗ್ರೆನ್ ಎರಡೂ ಕಣ್ಣುಗಳಿಗೆ ಆಳದ ಅರಿವು ಕೊಡುವ ಯಂತ್ರವನ್ನು ಬಳಸಿದರು. 1953ರಲ್ಲಿ ಜೈಸ್ ಸಂಸ್ಥೆಯ ಸೂಕ್ಷ್ಮದರ್ಶಕ ಮಾರುಕಟ್ಟೆಗೆ ಬಂದ ಬಳಿಕ ಅದರ ಬಳಕೆ ವ್ಯಾಪಕವಾಯಿತು. ಮಸೂರದ ಕೆಳಗೆ ಕೈ ಅಡ್ಡ ಬಂದರೆ ನೋಟವೇ ಮುಚ್ಚಿಹೋಗುವುದರಿಂದ ನೇರ ಹಿಡಿಕೆಗಳ ಜಾಗದಲ್ಲಿ ಕೋನವಾಗಿ ಬಾಗಿದ ಹಿಡಿಕೆಗಳು ಬಂದವು.

ಆದರೆ ಕಂಡಷ್ಟು ಸಣ್ಣದನ್ನು ಕೈಯಿಂದ ಮುಟ್ಟುವುದು ಬೇರೆಯೇ ಸವಾಲು. ನಡುಕಿವಿಯ ಕೊನೆಯ ಮೂಳೆಯಾದ, ಕುದುರೆಯ ರಿಕಾಪಿನ ಆಕಾರದ ಸ್ಟೇಪಿಸ್ ಸುಮಾರು 3 ಮಿಲಿಗ್ರಾಂ ತೂಗುತ್ತದೆ; ಅದರ ಪಾದಫಲಕ ಸುಮಾರು 3 ಮಿ.ಮೀ. ಉದ್ದ, ಕಾಲು ಮಿಲಿಮೀಟರಿನಷ್ಟು ದಪ್ಪವಿದ್ದು, ಅದರ ಆಚೆಗೆ ಒಳಕಿವಿಯ ದ್ರವವಿದೆ. ಆಟೋಸ್ಕ್ಲೆರೋಸಿಸ್ ಎಂಬ ಕಾಯಿಲೆಯಲ್ಲಿ ಈ ಮೂಳೆ ಬಿಗಿದುಕೊಂಡು ಶಬ್ದದ ದಾರಿಯನ್ನೇ ತಡೆಯುತ್ತದೆ. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ರೋಸೆನ್ 1952ರಲ್ಲಿ ಅದನ್ನು ಅಲುಗಾಡಿಸಿ ಬಿಡಿಸಿದರು. ತುದಿ ಬಾಗಿದ ಸಣ್ಣ ಸೂಜಿಯೊಂದು ಇಂದಿಗೂ ಅವರ ಹೆಸರನ್ನೇ ಹೊತ್ತಿದೆ. ಬಿಡಿಸಿದ ಮೂಳೆ ಮತ್ತೆ ಅಂಟಿಕೊಳ್ಳುತ್ತಿದ್ದುದರಿಂದ, 1956ರಲ್ಲಿ ಅಮೆರಿಕದ ಜಾನ್ ಶೇ ಮೂಳೆಯನ್ನೇ ತೆಗೆದು ಟೆಫ್ಲಾನ್ ಬದಲಿಯನ್ನು ಕೂರಿಸಿದರು. ಮುಂದೆ ಇಡೀ ಫಲಕವನ್ನು ತೆಗೆಯುವ ಬದಲು ಒಂದು ಮಿಲಿಮೀಟರಿಗಿಂತ ಚಿಕ್ಕ ರಂಧ್ರ ಕೊರೆದು, ಅದರಲ್ಲಿ ಪಿಸ್ಟನ್ನಿನಂಥ ಕಡ್ಡಿಯನ್ನು ಇಳಿಸುವ ಪದ್ಧತಿ ನೆಲೆಗೊಂಡಿತು.

ಈ ರಂಧ್ರವೇ ಉಪಕರಣ ವಿನ್ಯಾಸದ ನಿಜವಾದ ಪರೀಕ್ಷೆ ಎನ್ನಬೇಕು. ಎಷ್ಟೇ ಪಳಗಿದ ಕೈಯಾದರೂ ಸೆಕೆಂಡಿಗೆ ಸುಮಾರು ಎಂಟರಿಂದ ಹನ್ನೆರಡು ಬಾರಿ ಸಣ್ಣಗೆ ಕಂಪಿಸುತ್ತದೆ. ಡ್ರಿಲ್‌ನ ತುದಿ ಮೂಳೆ ದಾಟುವ ಕ್ಷಣದಲ್ಲಿ ಎದುರೊತ್ತು ಇದ್ದಕ್ಕಿದ್ದಂತೆ ತಗ್ಗುವುದರಿಂದ ತುದಿ ಒಳನುಗ್ಗುವ ಅಪಾಯವಿರುತ್ತದೆ. ಲೇಸರ್ ಮೂಳೆಯನ್ನು ಮುಟ್ಟದೆಯೇ ರಂಧ್ರ ಮಾಡಬಲ್ಲದು. ಆದರೆ ಸ್ಪರ್ಶದಿಂದ ಸಿಗುವ ಸುಳಿವು ಅದರಲ್ಲಿ ಇಲ್ಲವಾಗುತ್ತದೆ. ಇಂಗ್ಲೆಂಡಿನಲ್ಲಿ ಪೀಟರ್ ಬ್ರೆಟ್ ಮತ್ತು ಸಂಗಡಿಗರು ರೂಪಿಸಿದ ಡ್ರಿಲ್ ಈ ಸುಳಿವನ್ನೇ ಅಳೆಯುತ್ತದೆ: ತುದಿ ಮೂಳೆಯ ಆಚೆ ಬದಿಯನ್ನು ಸಮೀಪಿಸಿದಂತೆ ಒತ್ತುವ ಬಲ ಇಳಿಯುತ್ತ, ತಿರುಗಲು ಬೇಕಾಗುವ ಬಲ ಏರುತ್ತ ಹೋಗುವುದನ್ನು ಗುರುತಿಸಿ, ಮೂಳೆಯ ಆಚೆ ಬದಿಗೆ ಅಂಟಿರುವ ಒಳಪೊರೆ ಹರಿಯುವ ಮುನ್ನವೇ ನಿಲ್ಲುತ್ತದೆ. ಒಳಕಿವಿಯ ಶ್ರವಣಾಂಗವಾದ ಕಾಕ್ಲಿಯಾಕ್ಕೆ ಕೃತಕ ಸಾಧನ ಅಳವಡಿಸಲು ಕೊರೆಯುವಾಗಲಂತೂ ಈ ಪೊರೆ ಉಳಿಯುವುದು ಮುಖ್ಯ.

ಕೈಯನ್ನೇ ಬದಲಿಸುವ ರೋಬಾಟ್‌ಗಳ ಪಕ್ಕದಲ್ಲಿ ಕೈಯಲ್ಲೇ ಹಿಡಿಯುವ ಇಂಥ ಸಾಧನಗಳು ಹೆಚ್ಚು ಗಮನಕ್ಕೆ ಅರ್ಹವಾಗಿವೆ, ಏಕೆಂದರೆ ವೈದ್ಯರ ಅನುಭವಜನ್ಯ ತೀರ್ಮಾನ ಅವುಗಳಲ್ಲಿ ಬಹುಮಟ್ಟಿಗೆ ಉಳಿಯುತ್ತದೆ. ಇನ್ನೂ ತೊಡಕಾಗಿರುವುದು ಬಲವನ್ನು ಅಳೆಯುವ ಸಂವೇದಕದ ಸ್ಥಾನ. ಕಿವಿಯ ನಾಳದಲ್ಲಿ ಕೂರಿಸಿದ ಕೊಳವೆಯ ಗೋಡೆಗೆ ಉಪಕರಣದ ದಂಡ ಉಜ್ಜಿದರೂ ಹಿಡಿಕೆಯಲ್ಲಿರುವ ಸಂವೇದಕ ಅದನ್ನು ಮೂಳೆಯ ಒತ್ತಡದೊಂದಿಗೆ ಕೂಡಿಸಿ ಓದುತ್ತದೆ. ಹೀಗಾಗಿ ಅದನ್ನು ತುದಿಯ ಹತ್ತಿರಕ್ಕೆ ಒಯ್ಯಬೇಕು, ಅಲ್ಲಿಯ ಒಂದೆರಡು ಮಿಲಿಮೀಟರಿನ ಜಾಗದಲ್ಲಿ ಹಿಡಿಸಬೇಕು, ಮತ್ತು ಪ್ರತಿ ಬಳಕೆಯ ಬಳಿಕ ಆಟೋಕ್ಲೇವ್‌ನ ಬಿಸಿ ಹಬೆಯನ್ನೂ ಅದು ತಾಳಿಕೊಳ್ಳಬೇಕು.