ಸೊನ್ನಲಿಗೆಯ ಅಕ್ಷತೆ: ಮದುವೆಯಲ್ಲಿ ಉಳಿದ ಕನ್ನಡ

ತುಳಸಿ ಲಗ್ನ ಮುಗಿದೊಡನೆ ನಮ್ಮ ಸೊಲ್ಲಾಪುರ ಸೀಮೆಯಲ್ಲಿ ಮದುವೆಯ ಕಾಲ ಆರಂಭವಾಗುತ್ತದೆ. ವಧುವಿನ ಉಡುಗೆ, ಆಭರಣ, ಮಂಟಪದ ಅಲಂಕಾರ, ಭೋಜನದ ಏರ್ಪಾಡು ಇವೆಲ್ಲವನ್ನೂ ಒಂದೇ ಸೂರಿನಡಿ ತೋರಿಸುವ ಪ್ರದರ್ಶನಗಳು ಈಗ ನಗರಗಳಲ್ಲಿ ನಡೆಯುತ್ತಿವೆ. ಅವುಗಳಿಂದ ಅನುಕೂಲವಿಲ್ಲವೆಂದಲ್ಲ. ಆದರೆ ಮದುವೆಯನ್ನು ಹೇಗೆ ನಡೆಸಬೇಕೆಂಬುದನ್ನು ಊರಿಗೆ ಊರೇ ನೆರೆದು ನೋಡುವ ಹಳೆಯ ಏರ್ಪಾಡೊಂದು ಇಲ್ಲಿಯೇ ಇದೆ. ಅದು ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ.

12ನೆಯ ಶತಮಾನದ ಶಿವಯೋಗಿ ಸಿದ್ಧರಾಮನು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದನು. 68 ಲಿಂಗಗಳನ್ನು ಸ್ಥಾಪಿಸಿದನೆಂಬುದು ಪ್ರತೀತಿ. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದನು. ರಾಘವಾಂಕನು ಅವನ ಚರಿತ್ರೆಯನ್ನು ಕಾವ್ಯವಾಗಿಸಿದನು. ಕುಂಬಾರ ಕನ್ಯೆಯೊಬ್ಬಳು ಈ ಯೋಗಿಯನ್ನೇ ವರಿಸಬೇಕೆಂದು ಹಟ ಹಿಡಿದಳೆಂದೂ, ಅವನು ತನ್ನ ಯೋಗದಂಡವನ್ನು ವರಿಸಲು ಒಪ್ಪಿಗೆಯಿತ್ತನೆಂದೂ ಜನರ ಬಾಯಲ್ಲಿ ಕಥೆ ಉಳಿದಿದೆ. ಯೋಗದಂಡದ ಪ್ರತೀಕವಾದ ಏಳು ನಂದಿಧ್ವಜಗಳ ಮೆರವಣಿಗೆ ಆ ಮದುವೆಯ ನೆನಪು.

ಜಾತ್ರೆಯ ಕ್ರಮವನ್ನು ಗಮನಿಸಿದರೆ ಅದು ಮನೆಯ ಮದುವೆಯ ಕ್ರಮವೇ ಆಗಿದೆ. ಮೊದಲ ದಿನ 68 ಲಿಂಗಗಳಿಗೆ ಎಣ್ಣೆಯ ಮಜ್ಜನ. ಭೋಗಿಯ ದಿನ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ; ಬಿಳಿಯ ಬಾರಾಬಂದಿ ತೊಟ್ಟ ಭಕ್ತಸಮೂಹವು ಬೀಗರಂತೆ ನಿಂತು ಅಕ್ಕಿಕಾಳು ಹಾಕುತ್ತದೆ. ಸಂಕ್ರಾಂತಿಯಂದು ಹೋಮ. ಕೊನೆಯಲ್ಲಿ ನಂದಿಧ್ವಜಗಳ ಉಡುಗೆ ತೆಗೆಯುವ ವಿಧಿ. ವರನೂ ವಧುವೂ ಕಾಣದ ಈ ಮದುವೆಯಲ್ಲಿ ಊರೇ ಎರಡೂ ಕಡೆಯ ಬಳಗ.

ಚರಿತ್ರೆಯ ವಿದ್ಯಾರ್ಥಿಗೆ ಇನ್ನೂ ಮುಖ್ಯವಾದುದು ಭಾಷೆ. ಸಮ್ಮತಿ ವಾಚನ ಇಂದಿಗೂ ಕನ್ನಡದಲ್ಲಿದೆ. ಮರಾಠಿ ಪತ್ರಿಕೆಗಳು ಕೂಡ ಮೊದಲ ದಿನದ ವಿಧಿಯನ್ನು ‘ಯಣ್ಣಿಮಜ್ಜನ’ವೆಂದೂ ಕೊನೆಯದನ್ನು ‘ಕಪ್ಪಡಕಳಿ’ಯೆಂದೂ ಬರೆಯುತ್ತವೆ. ಎಣ್ಣೆ, ಕಪ್ಪಡ, ಕಳೆ ಇವು ನಮ್ಮ ಮಾತುಗಳು. 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು; 1960ರಲ್ಲಿ ರಾಜ್ಯದ ಹೆಸರೂ ಬದಲಾಯಿತು. ಈ ಶಬ್ದಗಳು ಮಾತ್ರ ಸ್ಥಳ ಬಿಡಲಿಲ್ಲ. ಶಾಸನದ ಕಲ್ಲು ಸವೆಯಬಹುದು. ವರ್ಷಕ್ಕೊಮ್ಮೆ ಆಚರಿಸುವ ಶಬ್ದ ಸವೆಯುವುದಿಲ್ಲ.

ಮನೆಯ ಮದುವೆಯಲ್ಲಿ ಹಾಗಾಗಿಲ್ಲ. ಹಂದರ ಹಾಕಿ ಹಾಲಗಂಬ ನಿಲ್ಲಿಸುವುದು, ನಾಲ್ಕು ಮೂಲೆಗೆ ತಂಬಿಗೆಯಿಟ್ಟು ನೂಲು ಸುತ್ತುವ ಸುರಗಿ, ಬಾಸಿಂಗ, ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಇವುಗಳಲ್ಲಿ ಹಣಕ್ಕೆ ದೊರೆಯುವ ವಸ್ತುಗಳು ಉಳಿದಿವೆ. ಪ್ರದರ್ಶನದಲ್ಲಿ ಇಳಕಲ್ ಸೀರೆ ಸಿಕ್ಕುತ್ತದೆ. ಅದನ್ನುಟ್ಟ ಮದುಮಗಳನ್ನು ಹಸೆಗೆ ಕರೆಯುವ ಸೋಬಾನದ ಪದ ಸಿಕ್ಕುವುದಿಲ್ಲ. ಇಲ್ಲಿಗೆ ದೂರವಲ್ಲದ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಅಂದು ಅವರಿಗೆ ಹಾಡುವವರು ಮನೆಮನೆಗೂ ಇದ್ದರು. ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಿ ಹಾಡಬಲ್ಲಳು, ತಾಯಿ ಗುನುಗಬಲ್ಲಳು, ಮಗಳಿಗೆ ಅರ್ಥವನ್ನೂ ಬಿಡಿಸಿ ಹೇಳಬೇಕಾಗಿದೆ.

ಇದಕ್ಕೆ ಪ್ರದರ್ಶನಗಳನ್ನು ದೂರಿ ಫಲವಿಲ್ಲ. ಮದುವೆಯ ಯಾದಿ ಬರೆಯುವಾಗ ಮೊದಲ ಹಾಳೆಯನ್ನು ಮನೆಯ ಹಿರಿಯಳಿಗೆ ಮೀಸಲಿಡೋಣ. ಯಾವ ಶಾಸ್ತ್ರ, ಯಾವ ಹೊತ್ತು, ಯಾವ ಪದ ಎಂಬುದನ್ನು ಅವಳ ಮಾತಿನಲ್ಲೇ ಬರೆದುಕೊಳ್ಳೋಣ. ಪದವನ್ನು ಧ್ವನಿಮುದ್ರಿಸಿ ಸಂಘಕ್ಕೆ ಒಂದು ಪ್ರತಿ ಕೊಡೋಣ. ಲಗ್ನಪತ್ರಿಕೆಯಲ್ಲಿ ಮರಾಠಿಯ ಪಕ್ಕದಲ್ಲಿ ಕನ್ನಡಕ್ಕೂ ನಾಲ್ಕು ಸಾಲು ಜಾಗವಿರಲಿ. ಸಿದ್ಧರಾಮನ ಅಂಗಳದಲ್ಲಿ ಊರೆಲ್ಲ ಸೇರಿ ಕಾಪಾಡಿದ ಮಾತನ್ನು ನಮ್ಮ ನಮ್ಮ ಹಂದರದಲ್ಲಿಯೂ ಕಾಪಾಡುವುದು ನಮ್ಮ ಪಾಲಿನ ಅಕ್ಷತೆ.