ಕೊಳಗದ ರಾಶಿ, ದಿಮ್ಮಿಯ ಸುತ್ತಳತೆ

ಒಂದು ಘನ ಅಡಿ ಮರಕ್ಕೆ ಎಷ್ಟು ಸೇರು? ಪ್ರಶ್ನೆ ತಮಾಷೆಯಾಗಿ ಕೇಳಿಸಬಹುದು. ಮರವನ್ನು ಸೇರಿನಲ್ಲಿ ಅಳೆಯುವವರಿಲ್ಲ, ಭತ್ತವನ್ನು ಘನ ಅಡಿಯಲ್ಲಿ ಅಳೆಯುವವರೂ ಇಲ್ಲ. ಆದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಈ ಎರಡು ಲೆಕ್ಕಗಳು ಎದುರುಬದುರಾಗುವ ಜಾಗವೊಂದಿತ್ತು. ಅದು ಭತ್ತ ತುಂಬಿಡುವ ಪಣತ. ಹಲಗೆ ಕೂಡಿಸಿ ಪಣತ ಕಟ್ಟುವ ಆಚಾರಿಗೆ ಗೊತ್ತಿದ್ದದ್ದು ಅಡಿ, ಅಂಗುಲ. ಮನೆಯ ಯಜಮಾನರು ಹೇಳುತ್ತಿದ್ದದ್ದು ಇಷ್ಟು ಖಂಡುಗ ಹಿಡಿಯಬೇಕು ಎಂದು. ಇಬ್ಬರ ನಡುವೆ ಒಂದು ಪರಿವರ್ತನೆ ನಡೆಯಲೇಬೇಕಿತ್ತು.

ಆ ಲೆಕ್ಕವನ್ನು ನಾವೇ ಮಾಡಿ ನೋಡೋಣ. ಅದಕ್ಕೆ ಮೊದಲು ಸೇರು ಎಂದರೆ ಎಷ್ಟು ಎಂದು ಗೊತ್ತಾಗಬೇಕು. 1799ರಲ್ಲಿ ಟಿಪ್ಪು ಮಡಿದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ. ಬೆಳೆ, ಗೇಣಿ, ಸಂತೆಯ ಧಾರಣೆಗಳ ಜೊತೆಗೆ ಊರೂರಿನ ಅಳತೆಗಳನ್ನೂ ಬರೆದುಕೊಂಡ. ಅದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಪಕ್ಕಾ ಸೇರನ್ನು ನಿಗದಿಮಾಡುವ ಕ್ರಮವೊಂದನ್ನು ಅವನು ಅದರಲ್ಲಿ ವಿವರಿಸಿದ್ದಾನೆ. ಒಂಬತ್ತು ಬಗೆಯ ಧಾನ್ಯಗಳನ್ನು ಸಮಪಾಲು ಬೆರೆಸಬೇಕು. ಅದರಲ್ಲಿ 84 ರೂಪಾಯಿ ನಾಣ್ಯದ ತೂಕದಷ್ಟು ತೆಗೆಯಬೇಕು. ಅಷ್ಟೂ ಧಾನ್ಯ ರಾಶಿಯಾಗಿ ನಿಲ್ಲುವ ಪಾತ್ರೆಯೇ ಸೇರು.

ಎಷ್ಟು ಜಾಣತನದ ಉಪಾಯ! ರಾಗಿ ಸಣ್ಣ ಕಾಳು, ಒತ್ತಾಗಿ ಕೂರುತ್ತದೆ. ಭತ್ತದ ಹೊಟ್ಟು ಗಾಳಿಗೆ ಜಾಗ ಬಿಡುತ್ತದೆ. ಯಾವುದೋ ಒಂದೇ ಕಾಳನ್ನು ನೆಚ್ಚಿದರೆ ತೂಕಕ್ಕೂ ಗಾತ್ರಕ್ಕೂ ಇರುವ ನಂಟು ಒಂದೇ ಕಡೆಗೆ ವಾಲುತ್ತದೆ. ಒಂಬತ್ತನ್ನು ಬೆರೆಸಿದರೆ ಸರಾಸರಿ ಸಿಗುತ್ತದೆ. ಆ ಸೇರು ಹಿಡಿಯುತ್ತಿದ್ದುದು ಸುಮಾರು 75 ಘನ ಅಂಗುಲ, ಅಂದರೆ ಒಂದೂಕಾಲು ಲೀಟರಿಗೆ ತುಸು ಕಡಿಮೆ. 84 ರೂಪಾಯಿ ತೂಕವೆಂದರೆ ಒಂದು ಕಿಲೋಗೆ ಸ್ವಲ್ಪ ಕಡಿಮೆ. ಸೇರೆಂದರೆ ಹತ್ತಿರ ಹತ್ತಿರ ಒಂದು ಕೆ.ಜಿ. ಎಂದು ಹಿರಿಯರು ಹೇಳುವ ಮಾತು ಇದಕ್ಕೆ ಹೊಂದುತ್ತದೆ.

ಒಂದು ಘನ ಅಡಿಯಲ್ಲಿ 1728 ಘನ ಅಂಗುಲ. ಅದನ್ನು 75ರಿಂದ ಭಾಗಿಸಿದರೆ 23 ಸೇರು. ಆರಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಪಣತ 96 ಘನ ಅಡಿ, ಎಂದರೆ ಸುಮಾರು 2200 ಸೇರು. ಇನ್ನು ಖಂಡುಗಕ್ಕೆ ತಿರುಗಿಸೋಣ. ಖಂಡುಗಕ್ಕೆ 20 ಕೊಳಗ ಎಂಬುದು ಹಳೆಯ, ವ್ಯಾಪಕವಾದ ಲೆಕ್ಕ. ಆದರೆ ಕೊಳಗಕ್ಕೆ ಎಷ್ಟು ಸೇರು ಎಂದು ಕೇಳಿದ ಕೂಡಲೇ ಊರಿಗೊಂದು ಉತ್ತರ. ಎಂಟು ಸೇರಿನ ಕೊಳಗವಾದರೆ ನಮ್ಮ ಪಣತಕ್ಕೆ ಹದಿನಾಲ್ಕು ಖಂಡುಗ ಹಿಡಿಯುತ್ತದೆ, ಹದಿನಾರು ಸೇರಿನದಾದರೆ ಏಳೇ ಖಂಡುಗ. ಪಣತ ಬೆಳೆಯಲೂ ಇಲ್ಲ, ಕುಗ್ಗಲೂ ಇಲ್ಲ.

ನಾನು ಸಾಫ್ಟ್‌ವೇರ್ ಕೆಲಸದವನು. ಮೀಟರನ್ನು ಅಡಿಗೆ, ಲೀಟರನ್ನು ಗ್ಯಾಲನ್ನಿಗೆ ತಿರುಗಿಸುವ ಪ್ರೋಗ್ರಾಮನ್ನು ಹೊಸದಾಗಿ ಸೇರಿದ ಹುಡುಗರೂ ಒಂದು ಬೆಳಿಗ್ಗೆಯಲ್ಲಿ ಬರೆದುಬಿಡುತ್ತಾರೆ. ಒಂದು ಗುಣಕ ಇದ್ದರೆ ಸಾಕು. ಕೊಳಗವನ್ನು ಅದರೊಳಗೆ ಸೇರಿಸಬೇಕೆಂದರೆ ಗುಣಕ ಸಾಲದು. ಯಾವ ಊರು, ಯಾವ ಧಾನ್ಯ, ಬಾಯಿಮಟ್ಟವೋ ರಾಶಿಯೋ, ಅಳೆದವರು ಯಾರು ಎಂಬುದನ್ನೆಲ್ಲ ಕೇಳಬೇಕಾಗುತ್ತದೆ.

ರಾಶಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶಂಕುವಿನ ಘನಫಲದ ಸೂತ್ರವನ್ನು ನಾವೆಲ್ಲ ಇದೇ ಶಾಲೆಯ ಬೆಂಚಿನ ಮೇಲೆ ಕೂತು ಬಾಯಿಪಾಠ ಮಾಡಿದವರು. ಮೂರನೇ ಒಂದು, ಪೈ, ತ್ರಿಜ್ಯದ ವರ್ಗ, ಎತ್ತರ. ಆ ಶಂಕು ಕಣದಲ್ಲಿ ಕೊಳಗದ ತಲೆಯ ಮೇಲೆ ದಿನವೂ ನಿಲ್ಲುತ್ತಿತ್ತು. ಕಾಳನ್ನು ಸುರಿದರೆ ಅದು ತನ್ನದೇ ಒಂದು ಇಳಿಜಾರಿನಲ್ಲಿ ನಿಲ್ಲುತ್ತದೆ. ಆ ಇಳಿಜಾರು ಒಂದಡಿ ಒಳಸರಿದರೆ ಆರು ಹತ್ತಾಂಶ ಅಡಿ ಏರುವಂಥದ್ದು ಎಂದಿಟ್ಟುಕೊಳ್ಳಿ. ಆಳ ಮತ್ತು ಬಾಯಗಲ ಸಮವಾಗಿರುವ ಕೊಳಗದ ಮೇಲೆ ನಿಲ್ಲುವ ರಾಶಿ ಒಳಗಿನ ಧಾನ್ಯದ ಹತ್ತನೇ ಒಂದು ಭಾಗ. ಈಗ ಒಳಗೆ ಅಷ್ಟೇ ಹಿಡಿಯುವ, ಆದರೆ ಆಳ ಕಡಿಮೆ, ಬಾಯಿ ಅಗಲವಾದ ಇನ್ನೊಂದು ಕೊಳಗ ಮಾಡಿಸಿ. ಅದರ ಆಳ ಬಾಯಗಲದ ಅರ್ಧದಷ್ಟಿದ್ದರೆ ರಾಶಿ ಐದನೇ ಒಂದು ಭಾಗಕ್ಕೇರುತ್ತದೆ. ಕೋಲಿನಿಂದ ಬಾಯಿ ಸವರಿ ನೋಡಿದರೆ ಎರಡೂ ಕೊಳಗ ಸಮ. ರಾಶಿ ಹಾಕಿ ಅಳೆದರೆ ನೂರಕ್ಕೆ ಒಂಬತ್ತರಷ್ಟು ಹೆಚ್ಚು. ಮೋಸ ಎಂದು ಬೆರಳು ತೋರಿಸಲು ಪಾತ್ರೆಯಲ್ಲಿ ಏನೂ ಸಿಗುವುದಿಲ್ಲ.

ಕಣದಲ್ಲಿ ಮೊದಲ ಕೊಳಗವನ್ನು ಒಂದು ಎನ್ನದೆ ಲಾಭ ಎಂದು ಎಣಿಸುವ ರೂಢಿ ನಮ್ಮ ಹಿರಿಯರಿಗೆ ಗೊತ್ತು. ಆ ಲಾಭ ಯಾರದ್ದು ಎಂಬ ಪ್ರಶ್ನೆ ನಮ್ಮ ಜಿಲ್ಲೆಯಲ್ಲೇ ಒಮ್ಮೆ ಜೋರಾಗಿ ಎದ್ದಿತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದಾಗ ಅವರ ದೂರುಗಳಲ್ಲಿ ಕೊಳಗವೇ ಮುಖ್ಯವಾದದ್ದಾಗಿತ್ತು. ಗೇಣಿ ಭತ್ತ ಅಳೆಯುವ ಕೊಳಗ ಇರಬೇಕಾದ್ದಕ್ಕಿಂತ ದೊಡ್ಡದು, ನಮಗೆ ನ್ಯಾಯವಾದ ಅಳತೆ ಬೇಕು ಎಂದರು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ಸಮಾಜವಾದಿ ಪಕ್ಷ ಬೆಂಬಲಕ್ಕೆ ಬಂತು, ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಭೂಮಿಯ ಹೋರಾಟವೆಂದೇ ನಾವು ಅದನ್ನು ಓದುತ್ತೇವೆ, ಅದು ಸರಿಯೇ. ಆದರೆ ಅದು ಅಳತೆಯ ಹೋರಾಟವೂ ಆಗಿತ್ತು. ಇಪ್ಪತ್ತು ಖಂಡುಗ ಗೇಣಿ ಕೊಡುವ ಒಕ್ಕಲಿಗೆ ಕೊಳಗ ಹತ್ತನೇ ಒಂದು ಪಾಲು ಹಿಗ್ಗಿದರೂ ಎರಡು ಖಂಡುಗ ಹೋಯಿತು. ಎರಡು ಖಂಡುಗವೆಂದರೆ ನಲವತ್ತು ಕೊಳಗ ಭತ್ತ, ಮಳೆಗಾಲದ ಊಟ.

ಮರದ ಕಡೆಗೆ ಬಂದರೆ ಅಲ್ಲೂ ಇಂಥದ್ದೇ ಒಂದು ಲಾಭ ಕೂತಿದೆ, ಆದರೆ ತಿರುಗುಮುರುಗಾಗಿ. ದುಂಡು ದಿಮ್ಮಿಯನ್ನು ಅಳೆಯಲು ಅದರ ಮಧ್ಯದ ಸುತ್ತಳತೆ ಹಿಡಿದು, ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವ ಕ್ರಮವಿದೆ. ದಾರದಲ್ಲಿ ಸುತ್ತಳತೆ ಹಿಡಿದು ನಾಲ್ಕು ಮಡಿಕೆ ಮಾಡಿದರೆ ಮುಗಿಯಿತು, ಪೈ ಬೇಕಿಲ್ಲ. ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ 1736ರಲ್ಲಿ ಇದರ ಕೋಷ್ಟಕಗಳನ್ನು ಅಚ್ಚು ಹಾಕಿಸಿದ. ಹೀಗೆ ಬರುವ ಘನ ಅಡಿಗೆ ಹಾಪಸ್ ಅಡಿ ಎಂದೇ ಹೆಸರು. ಬ್ರಿಟಿಷರ ಜೊತೆ ಅದು ನಮ್ಮ ಕಾಡುಗಳಿಗೂ ಬಂತು.

ನಾಲ್ಕಡಿ ಸುತ್ತಳತೆಯ, ಹತ್ತಡಿ ಉದ್ದದ ತೇಗದ ದಿಮ್ಮಿ ತೆಗೆದುಕೊಳ್ಳಿ. ಕಾಲು ಸುತ್ತಳತೆ ಒಂದಡಿ. ಲೆಕ್ಕಕ್ಕೆ ಬರುವುದು 10 ಘನ ಅಡಿ. ಆದರೆ ವೃತ್ತದ ನಿಜವಾದ ಲೆಕ್ಕ ಹಾಕಿದರೆ ಅದೇ ದಿಮ್ಮಿಯಲ್ಲಿ 12.73 ಘನ ಅಡಿ ಮರವಿದೆ. ನೂರರಲ್ಲಿ ಇಪ್ಪತ್ತೊಂದು ಭಾಗಕ್ಕಿಂತ ಹೆಚ್ಚು ಕಾಗದದ ಮೇಲೆ ಕಾಣುವುದೇ ಇಲ್ಲ. ದಿಮ್ಮಿಯನ್ನು ಚೌಕ ಮಾಡುವಾಗ ತೊಗಟೆ, ಹೊರಗಿನ ಹಲಗೆ, ಗರಗಸದ ಹೊಟ್ಟು ಎಲ್ಲ ನಷ್ಟವಾಗುತ್ತದಲ್ಲ, ಅದಕ್ಕಾಗಿ ಈ ರಿಯಾಯಿತಿ ಎಂಬುದು ಸಮರ್ಥನೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಆ ಹೊರ ಹಲಗೆಯನ್ನು ಸಾಮಿಲ್ಲಿನವರು ಬಿಸಾಡಿದ್ದನ್ನು ನಾನಂತೂ ಕಂಡಿಲ್ಲ. ಭತ್ತದಲ್ಲಿ ರಾಶಿ ತೆಗೆದುಕೊಳ್ಳುವವನಿಗೆ ಲಾಭ, ಅದು ಕಣ್ಣಿಗೆ ಕಾಣುತ್ತದೆ. ದಿಮ್ಮಿಯಲ್ಲಿಯೂ ಲಾಭ ಕೊಳ್ಳುವವನದೇ, ಆದರೆ ಅದು ಸೂತ್ರದೊಳಗೆ ಅಡಗಿದೆ.

ಈಗ ಮೊದಲ ಪ್ರಶ್ನೆಗೆ ಮರಳಿದರೆ, ಆ ದಿಮ್ಮಿಯನ್ನು ಸೇರಿಗೆ ತಿರುಗಿಸಿದಾಗ ಹಾಪಸ್ ಲೆಕ್ಕದಲ್ಲಿ 230 ಸೇರು, ನಿಜ ಲೆಕ್ಕದಲ್ಲಿ 293 ಸೇರು. ಮರದ ವ್ಯಾಪಾರದಲ್ಲಿ ಒಂದು ಟನ್ ಎಂದರೆ ತೂಕವಲ್ಲ, 50 ಘನ ಅಡಿ. ಅದು 1150 ಸೇರು ಎನ್ನಬಹುದು, ಯಾವ ಅಡಿ ಎಂದು ಮೊದಲೇ ಹೇಳಿದ್ದರೆ ಮಾತ್ರ. ಸೌದೆಯ ಅಟ್ಟಿಯಂತೂ ಭತ್ತದ ಜಾತಿಗೇ ಸೇರಿದ್ದು. ಒಂದು ಮೀಟರ್ ಉದ್ದ, ಅಗಲ, ಎತ್ತರದ ಅಟ್ಟಿಯಲ್ಲಿ ಮರ ಇರುವುದು ಸಾಮಾನ್ಯವಾಗಿ ಆರರಿಂದ ಏಳು ಹತ್ತಾಂಶ. ಉಳಿದದ್ದು ಗಾಳಿ.

ಹೆಸರುಗಳೂ ಹೀಗೆಯೇ ಗಡಿ ದಾಟಿವೆ. ನಮ್ಮ ಖಂಡುಗಕ್ಕೆ ಹತ್ತಿರದ ಮಾತಾದ ಖಂಡಿ ಮುಂಬಯಿ, ಮದರಾಸುಗಳಲ್ಲಿ 20 ಮಣದ ತೂಕ. ಆದರೆ ಮದರಾಸಿನ ಮಣ 25 ಪೌಂಡು, ಮುಂಬಯಿಯದು 28. ಮಲಬಾರಿನ ತೇಗದ ವ್ಯಾಪಾರದಲ್ಲಿ ಕಂಡಿ ಎಂದರೆ ಮರದ ಗಾತ್ರ. ನಮ್ಮ ಶಾಸನಗಳಲ್ಲೋ ಖಂಡುಗ ಗದ್ದೆಯ ವಿಸ್ತೀರ್ಣವೂ ಹೌದು, ಅಷ್ಟು ಬೀಜ ಬೇಡುವ ನೆಲ. ತೂಕ, ಗಾತ್ರ, ನೆಲ ಮೂರಕ್ಕೂ ಒಂದೇ ಬಗೆಯ ಮಾತು.

1956ರ ತೂಕ ಮತ್ತು ಅಳತೆಗಳ ಕಾಯಿದೆಯ ಮೇಲೆ ಮೆಟ್ರಿಕ್ ಪದ್ಧತಿ ಬಂತು. ಘನ ಮೀಟರಿಗೆ 35.3 ಘನ ಅಡಿ, ಹಾಪಸ್ ಅಡಿಯಾದರೆ 27.7. ಮಾಪನ ಬದಲಾದರೂ ಕಾಲು ಸುತ್ತಳತೆಯ ಸೂತ್ರ ಮಾತ್ರ ಮೀಟರಿನೊಳಗೂ ನುಸುಳಿ ಉಳಿಯಿತು. ಕೊಳಗದ ಕಥೆ ಬೇರೆ. ನಮ್ಮ ಶಾಲೆ ಹುಟ್ಟಿದ ಆಸುಪಾಸಿನಲ್ಲೇ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಗೇಣಿಯನ್ನೇ ತೆಗೆದುಹಾಕಿತು. ಅಳೆದು ಕೊಡುವ ಭತ್ತವೇ ಇಲ್ಲವಾದ ಮೇಲೆ ಕೊಳಗ ಅಟ್ಟ ಸೇರಿತು. ಸೇರಿಗೆ ಮಾತ್ರ ಹೊಸಿಲ ಮೇಲೆ ಅಕ್ಕಿ ತುಂಬಿ ಕೂರುವ ಕೆಲಸ ಉಳಿದಿದೆ, ಮನೆಗೆ ಬರುವ ಮದುಮಗಳ ಕಾಲು ತಾಗಲು.

ಅಟ್ಟದ ಕೊಳಗಗಳನ್ನು ಈಗ ಹಳೆ ಸಾಮಾನು ಕೊಳ್ಳುವವರು ಹುಡುಕಿಕೊಂಡು ಬರುತ್ತಿದ್ದಾರೆ. ಕೊಡುವುದು ಬಿಡುವುದು ನಿಮ್ಮಿಷ್ಟ. ಕೊಡುವ ಮುನ್ನ ಅದರ ಒಳಗಿನ ಬಾಯಗಲ ಮತ್ತು ಆಳವನ್ನು ಸ್ಕೇಲಿನಲ್ಲಿ ಅಳೆಯಿರಿ. ಒಣ ಭತ್ತ ತುಂಬಿ ಬಾಯಿ ಸವರಿ ಒಮ್ಮೆ, ರಾಶಿ ಹಾಕಿ ಒಮ್ಮೆ ತೂಗಿರಿ. ಮುದ್ರೆಯಿದ್ದರೆ ಫೋಟೋ ತೆಗೆಯಿರಿ. ಯಾವ ಮನೆಯದು, ಕೊಡಲು ಬಳಸುತ್ತಿದ್ದದ್ದೋ ತೆಗೆದುಕೊಳ್ಳಲೋ ಎಂದು ಮನೆಯ ಹಿರಿಯರನ್ನು ಕೇಳಿ ಬರೆದು ಶಾಲೆಗೆ ಕಳಿಸಿಕೊಟ್ಟರೆ, ಒಂಬತ್ತು ಹತ್ತನೇ ತರಗತಿಯ ಮಕ್ಕಳು ಶಂಕುವಿನ ಪಾಠದ ದಿನ ಅದರ ಲೆಕ್ಕ ಹಾಕುತ್ತಾರೆ.