ಎಮ್ಯುಲೇಟರಿನೊಳಗಿಂದ ದೂರದ ಪರದೆಗೆ: ಕ್ಯೂಎಮು ಮತ್ತು ವಿಎನ್‌ಸಿ

ಒಂದು ಕಂಪ್ಯೂಟರಿನ ಪ್ರೊಸೆಸರ್, ಮೆಮೊರಿ, ಡಿಸ್ಕ್, ವಿಡಿಯೊ ಕಾರ್ಡ್ ಮೊದಲಾದ ಯಂತ್ರಭಾಗಗಳನ್ನೆಲ್ಲ ಇನ್ನೊಂದು ಕಂಪ್ಯೂಟರಿನ ಮೇಲೆ ಬರಿಯ ತಂತ್ರಾಂಶದಿಂದಲೇ ಅನುಕರಿಸುವ ಸಾಧನಕ್ಕೆ ಎಮ್ಯುಲೇಟರ್ ಎಂದು ಹೆಸರು. ಹಾಗೆ ಅನುಕರಣೆಗೊಂಡ ಯಂತ್ರವನ್ನೂ ಅದರೊಳಗಿನ ಆಪರೇಟಿಂಗ್ ಸಿಸ್ಟಮನ್ನೂ ಒಟ್ಟಾಗಿ ಗೆಸ್ಟ್ ಎಂದೂ, ಅದಕ್ಕೆ ಆಸರೆಯಾದ ನಿಜವಾದ ಕಂಪ್ಯೂಟರನ್ನು ಹೋಸ್ಟ್ ಎಂದೂ ಕರೆಯುವುದು ರೂಢಿ. ಫ್ರಾನ್ಸಿನ ಪ್ರೋಗ್ರಾಮರ್ ಫಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ಕ್ಯೂಎಮು ಈ ಬಗೆಯ ತಂತ್ರಾಂಶಗಳಲ್ಲಿ ಬಹು ವ್ಯಾಪಕವಾಗಿ ಬಳಕೆಗೆ ಬಂದದ್ದು; ದೂರದಿಂದ ಪರದೆ ನೋಡುವ ಸೌಲಭ್ಯ ಅದಕ್ಕೆ ಸೇರಿದ್ದು 2006ರಲ್ಲಿ. ಗೆಸ್ಟಿನ ಚಿತ್ರವನ್ನು ನೆಟ್‌ವರ್ಕಿನಲ್ಲಿ ಕಳಿಸುವ ಕೆಲಸ ಬೇಗ ಕೈಗೂಡಿತು. ಬಳಕೆದಾರನು ಒತ್ತಿದ ಕೀಲಿಯನ್ನು ತಪ್ಪಿಲ್ಲದೆ ಗೆಸ್ಟಿಗೆ ಮುಟ್ಟಿಸುವುದು ಹೇಗೆ, ಒತ್ತಿದವನು ಯಾರೆಂದು ಖಚಿತಪಡಿಸಿಕೊಳ್ಳುವುದು ಹೇಗೆ ಎಂಬ ಎರಡು ತೊಡಕುಗಳು ಮಾತ್ರ ವರ್ಷಗಟ್ಟಲೆ ಉಳಿದವು.

ಕ್ಯೂಎಮು ಗೆಸ್ಟಿನ ಯಂತ್ರಭಾಷೆಯ ಆದೇಶಗಳನ್ನು ತುಂಡು ತುಂಡಾಗಿ ಹೋಸ್ಟಿನ ಯಂತ್ರಭಾಷೆಗೆ ಪರಿವರ್ತಿಸಿ, ಪರಿವರ್ತಿತ ತುಂಡುಗಳನ್ನು ಮರುಬಳಕೆಗಾಗಿ ಕೂಡಿಟ್ಟುಕೊಳ್ಳುತ್ತದೆ. ಡೈನಾಮಿಕ್ ಟ್ರಾನ್ಸ್‌ಲೇಶನ್ ಎನ್ನಲಾಗುವ ಈ ಕ್ರಮವನ್ನು ಬೆಲ್ಲಾರ್ 2005ರ ಯೂಸ್‌ನಿಕ್ಸ್ ಸಮ್ಮೇಳನದ ಪ್ರಬಂಧದಲ್ಲಿ ವಿವರಿಸಿದರು. ಆರಂಭದ ವರ್ಷಗಳಲ್ಲಿ ಗೆಸ್ಟಿನ ಪರದೆ ಎಸ್‌ಡಿಎಲ್ ಎಂಬ ಗ್ರಾಫಿಕ್ಸ್ ಲೈಬ್ರರಿಯ ನೆರವಿನಿಂದ ಹೋಸ್ಟಿನ ಪರದೆಯ ಮೇಲೆ ಒಂದು ಕಿಟಕಿಯಾಗಿ ತೆರೆದುಕೊಳ್ಳುತ್ತಿತ್ತು. ಮೇಜಿನ ಮುಂದೆ ಕುಳಿತು ಪ್ರಯೋಗ ಮಾಡುವವರಿಗೆ ಇಷ್ಟು ಸಾಕಾಗಿತ್ತಾದರೂ, ಮಾನಿಟರೇ ಇಲ್ಲದ ಸರ್ವರುಗಳಲ್ಲಿ ಹತ್ತಾರು ಗೆಸ್ಟುಗಳನ್ನು ಓಡಿಸತೊಡಗಿದವರಿಗೆ ಬೇರೆ ದಾರಿಯೇ ಬೇಕಾಗಿತ್ತು.

ಆ ದಾರಿಯನ್ನು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿ ಸಂಶೋಧನಾಲಯ ಮೊದಲೇ ಸಿದ್ಧಪಡಿಸಿತ್ತು. ಅಲ್ಲಿ ರೂಪುಗೊಂಡ ವರ್ಚುವಲ್ ನೆಟ್‌ವರ್ಕ್ ಕಂಪ್ಯೂಟಿಂಗ್, ಎಂದರೆ ವಿಎನ್‌ಸಿ, ಕುರಿತು ಟ್ರಿಸ್ಟನ್ ರಿಚರ್ಡ್‌ಸನ್, ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್, ಕೆನೆತ್ ವುಡ್ ಮತ್ತು ಆಂಡಿ ಹಾಪರ್ 1998ರಲ್ಲಿ ಪ್ರಬಂಧ ಪ್ರಕಟಿಸಿದರು. ಅದರ ತಿರುಳಾದ ಆರ್‌ಎಫ್‌ಬಿ ಎಂಬ ಸಂವಹನ ನಿಯಮಾವಳಿ ಕಿಟಕಿ, ಮೆನು, ಅಕ್ಷರಶೈಲಿ ಯಾವುದನ್ನೂ ಅರಿಯದು. ಪರದೆಯೆಂದರೆ ಅದಕ್ಕೆ ಪಿಕ್ಸೆಲ್ಲುಗಳ ಆಯತ ಮಾತ್ರ. ನೋಡುವ ಕಡೆಯ ತಂತ್ರಾಂಶ ಕೇಳಿದಾಗ ಸರ್ವರ್ ಬದಲಾದ ಆಯತಗಳನ್ನಷ್ಟೇ ಕಳಿಸುತ್ತದೆ. ನೋಡುವ ಕಡೆ ಯಾವ ಸ್ಥಿತಿಯೂ ಉಳಿಯದಿರುವುದರಿಂದ, ಸಂಪರ್ಕ ಕಡಿದುಹೋದರೂ ಇನ್ನೊಂದು ಊರಿನಿಂದ ಮತ್ತೆ ಸೇರಿಕೊಂಡು ಕೆಲಸವನ್ನು ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಸಂಶೋಧನಾಲಯ 2002ರಲ್ಲಿ ಮುಚ್ಚಿತಾದರೂ ನಿಯಮಾವಳಿ ಮುಕ್ತವಾಗಿದ್ದುದರಿಂದ ಬದುಕಿಕೊಂಡು, 2011ರಲ್ಲಿ ಆರ್‌ಎಫ್‌ಸಿ 6143 ಎಂಬ ಅಂತರ್ಜಾಲ ದಾಖಲೆಯಾಗಿ ಅಚ್ಚುಕಟ್ಟಾಯಿತು.

ಎಮ್ಯುಲೇಟರಿಗೂ ಇಂಥ ನಿಯಮಾವಳಿಗೂ ಸಹಜವಾದ ಹೊಂದಾಣಿಕೆಯಿತ್ತು. ಏಕೆಂದರೆ ಅನುಕರಣೆಗೊಂಡ ವಿಡಿಯೊ ಕಾರ್ಡಿನ ಪರದೆ ಹೋಸ್ಟಿನ ಮೆಮೊರಿಯಲ್ಲಿನ ಪಿಕ್ಸೆಲ್ಲುಗಳ ಸಾಲಲ್ಲದೆ ಬೇರೇನೂ ಅಲ್ಲ. ಕ್ಯೂಎಮುವಿನ ಭಾಗಗಳನ್ನು ಎರವಲು ಪಡೆದಿದ್ದ, ಒಂದೇ ಹೋಸ್ಟಿನಲ್ಲಿ ಹಲವು ಗೆಸ್ಟುಗಳನ್ನು ಓಡಿಸುವ ಜೆನ್ ಯೋಜನೆ ಲಿಬ್‌ವಿಎನ್‌ಸಿಸರ್ವರ್ ಎಂಬ ಹೊರಗಿನ ಲೈಬ್ರರಿಯನ್ನು ಜೋಡಿಸಿ ಈ ಕೆಲಸ ಮಾಡಿತ್ತು. ಮೂಲ ಕ್ಯೂಎಮುವಿಗಾಗಿ ಆಂಟನಿ ಲಿಗೋರಿ ಹೊರಗಿನ ಲೈಬ್ರರಿಯ ಹಂಗಿಲ್ಲದೆ ಒಂದು ಪುಟ್ಟ ವಿಎನ್‌ಸಿ ಸರ್ವರನ್ನೇ ಬರೆದರು. ಅದು 2006ರ 0.8.1 ಆವೃತ್ತಿಯಲ್ಲಿ ಹೊರಬಂತು. ಅದರಲ್ಲಿ ಪರದೆಯ ಪ್ರತಿಯೊಂದು ಅಡ್ಡಸಾಲನ್ನೂ 16 ಪಿಕ್ಸೆಲ್ಲುಗಳ ತುಂಡುಗಳಾಗಿ ವಿಂಗಡಿಸಿ, ತುಂಡಿಗೊಂದರಂತೆ ಬಿಟ್ ಇಟ್ಟು, ಗೆಸ್ಟ್ ಅಲ್ಲಿ ಏನಾದರೂ ಬರೆದರೆ ಆ ಬಿಟ್ಟಿಗೆ ಗುರುತು ಹಾಕಲಾಗುತ್ತಿತ್ತು. ಬಳಿಕ ಗುರುತಾದ ತುಂಡನ್ನು ಹಿಂದೆ ಕಳಿಸಿದ ಪ್ರತಿಯೊಡನೆ ಹೋಲಿಸಿ, ನಿಜವಾಗಿಯೂ ಬದಲಾಗಿದ್ದರೆ ಮಾತ್ರ ಅದನ್ನು ರವಾನಿಸಲಾಗುತ್ತಿತ್ತು. ಬಳಕೆದಾರನು ಆದೇಶದ ಸಾಲಿನಲ್ಲಿ ಪರದೆಯ ಸಂಖ್ಯೆ 1 ಎಂದು ಕೊಟ್ಟರೆ ಸರ್ವರ್ 5900ಕ್ಕೆ ಆ ಸಂಖ್ಯೆಯನ್ನು ಕೂಡಿಸಿ 5901ನೆಯ ಪೋರ್ಟಿನಲ್ಲಿ ಕಾಯುತ್ತಿತ್ತು.

ಸರ್ವರ್ ಎಲ್ಲಿ ಕುಳಿತಿದೆ ಎಂಬುದು ಇಲ್ಲಿ ಮುಖ್ಯ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪಿನಂಥ ಸೌಲಭ್ಯ ಗೆಸ್ಟಿನೊಳಗೆ ಓಡುವುದರಿಂದ, ಗೆಸ್ಟ್ ಪೂರ್ತಿ ಎದ್ದು ಅದರ ನೆಟ್‌ವರ್ಕ್ ಸರಿಯಾದ ಮೇಲಷ್ಟೇ ಉಪಯೋಗಕ್ಕೆ ಬರುತ್ತದೆ. ಕ್ಯೂಎಮುವಿನ ಸರ್ವರ್ ಯಂತ್ರದ ಮಟ್ಟದಲ್ಲೇ ಇರುವುದರಿಂದ ಬಯಾಸ್‌ನ ಮೊದಲ ಸಾಲುಗಳನ್ನೂ, ಆಪರೇಟಿಂಗ್ ಸಿಸ್ಟಮಿನ ಅನುಸ್ಥಾಪನೆಯನ್ನೂ, ಗೆಸ್ಟ್ ಕುಸಿದು ಬಿದ್ದಾಗಿನ ಕೊನೆಯ ದೋಷಸಂದೇಶವನ್ನೂ ಒಂದೇ ರೀತಿಯಲ್ಲಿ ತೋರಿಸುತ್ತದೆ.

ಚಿತ್ರ ಹೊರಗೆ ಬಂದಷ್ಟು ಸುಲಭವಾಗಿ ಆಜ್ಞೆ ಒಳಗೆ ಹೋಗಲಿಲ್ಲ. ಹಳೆಯ ಪಿಎಸ್/2 ಮೌಸ್ ಎಷ್ಟು ಸರಿಯಿತೆಂಬುದನ್ನಷ್ಟೇ ಹೇಳುತ್ತದೆ. ವಿಎನ್‌ಸಿಯಾದರೋ ಬಾಣದ ಗುರುತು ಪರದೆಯ ಯಾವ ಬಿಂದುವಿನಲ್ಲಿದೆ ಎಂಬುದನ್ನು ಹೇಳುತ್ತದೆ. ಗೆಸ್ಟ್ ತನ್ನದೇ ವೇಗದ ಲೆಕ್ಕವನ್ನು ಸೇರಿಸಿಕೊಳ್ಳುತ್ತಿದ್ದುದರಿಂದ, ಬಳಕೆದಾರನ ಬಾಣ ಒಂದು ಕಡೆ, ಗೆಸ್ಟಿನ ಬಾಣ ಮತ್ತೊಂದು ಕಡೆ ಓಡಾಡುತ್ತಿದ್ದವು. ಅದೇ 0.8.1ರಲ್ಲಿ ಸೇರಿದ ಯುಎಸ್‌ಬಿ ಟ್ಯಾಬ್ಲೆಟ್ ಅನುಕರಣೆ ಇದಕ್ಕೆ ಮದ್ದಾಯಿತು. ಚಿತ್ರ ಬಿಡಿಸುವ ಟ್ಯಾಬ್ಲೆಟ್ ನಿಖರ ಸ್ಥಾನವನ್ನೇ ತಿಳಿಸುವ ಸಾಧನವಾದ್ದರಿಂದ ಎರಡು ಬಾಣಗಳೂ ಒಂದಾದವು.

ಕೀಲಿಮಣೆಯ ಸಮಸ್ಯೆ ಇನ್ನೂ ಆಳವಾದದ್ದು. ವಿಎನ್‌ಸಿ ಕೀಸಿಮ್ ಎಂಬ ಸಂಕೇತವನ್ನು, ಎಂದರೆ ಮೂಡಬೇಕಾದ ಅಕ್ಷರ ಯಾವುದೆಂಬುದನ್ನು, ಕಳಿಸುತ್ತದೆ. ಯಂತ್ರಕ್ಕೆ ಬೇಕಾದದ್ದು ಸ್ಕ್ಯಾನ್‌ಕೋಡ್, ಎಂದರೆ ಒತ್ತಿದ ಕೀಲಿ ಯಾವುದೆಂಬ ಸಂಖ್ಯೆ. ಹೀಗಾಗಿ ಭಾಷೆಗೊಂದು ಕೋಷ್ಟಕವಿಟ್ಟು ಅಕ್ಷರದಿಂದ ಕೀಲಿಯನ್ನು ಊಹಿಸಬೇಕಾಯಿತು. ಕನ್ನಡದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಇಂಗ್ಲಿಷಿನ ‘ಕೆ’ ಕೀಲಿ ‘ಕ’ ಅಕ್ಷರವನ್ನು ಕೊಡುತ್ತದೆ. ನೋಡುವ ಕಡೆಯಲ್ಲಿ ಆ ವಿನ್ಯಾಸವಿದ್ದರೆ ಕ್ಯೂಎಮುವಿಗೆ ತಲುಪುವುದು ‘ಕ’ದ ಸಂಕೇತ, ಇಂಗ್ಲಿಷ್ ಕೋಷ್ಟಕದಲ್ಲಿ ಅದು ಇಲ್ಲದ ಕಾರಣ ಗೆಸ್ಟಿನಲ್ಲಿ ಯಾವ ಕೀಲಿಯೂ ಒತ್ತಿದಂತಾಗುವುದಿಲ್ಲ. ಮುಂದೆ ಕ್ಯೂಎಮು ತಂಡ ನಿಯಮಾವಳಿಗೆ ವಿಸ್ತರಣೆಯೊಂದನ್ನು ಸೇರಿಸಿ, ಸ್ಕ್ಯಾನ್‌ಕೋಡನ್ನೂ ಜೊತೆಗೇ ಕಳಿಸುವ ಏರ್ಪಾಡು ಮಾಡಿತು. ಅದನ್ನು ಬಲ್ಲ ವೀಕ್ಷಕ ತಂತ್ರಾಂಶವಿದ್ದರೆ ಊಹೆಯ ಅಗತ್ಯವೇ ಬೀಳದು. ಅಕ್ಷರವನ್ನು ಗೆಸ್ಟಿನ ವಿನ್ಯಾಸವೇ ನಿರ್ಧರಿಸುತ್ತದೆ.

ಎರಡನೆಯ ತೊಡಕು ಭದ್ರತೆಯದು. ವಿಎನ್‌ಸಿಯ ಮೂಲ ಗುಪ್ತಪದಕ್ಕೆ 8 ಅಕ್ಷರಗಳ ಮಿತಿಯಿದ್ದು, ಪರದೆಯ ಚಿತ್ರವೂ ಕೀಲಿಗಳೂ ಗೂಢಲಿಪಿಯಿಲ್ಲದೆ ಹರಿಯುತ್ತಿದ್ದವು. ಯಂತ್ರದ ಮಟ್ಟದ ಪರದೆ ಅನ್ಯರ ಕೈಗೆ ಸಿಕ್ಕರೆ ಗೆಸ್ಟನ್ನು ಮರುಚಾಲನೆಗೊಳಿಸುವ ಸಮಯದಲ್ಲೂ ಅದರ ಮೇಲೆ ಹಿಡಿತ ಸಿಕ್ಕಂತೆಯೇ ಆದ್ದರಿಂದ, 2007ರಲ್ಲಿ ಟಿಎಲ್‌ಎಸ್ ಗೂಢಲಿಪೀಕರಣ ಮತ್ತು ಪ್ರಮಾಣಪತ್ರಗಳ ಪರಿಶೀಲನೆಯನ್ನೂ, 2009ರಲ್ಲಿ ಎಸ್‌ಎಎಸ್‌ಎಲ್ ದೃಢೀಕರಣವನ್ನೂ ಸೇರಿಸಲಾಯಿತು.

2007ರ ಫೆಬ್ರುವರಿಯಲ್ಲಿ ಲಿನಕ್ಸ್ 2.6.20ರೊಡನೆ ಬಂದ ಕೆವಿಎಂ ಎಂಬ ಸೌಲಭ್ಯ ಗೆಸ್ಟುಗಳಿಗೆ ನಿಜ ಪ್ರೊಸೆಸರಿನ ವೇಗವನ್ನು ತಂದುಕೊಟ್ಟು, ಕಚೇರಿಯ ಡೆಸ್ಕ್‌ಟಾಪುಗಳನ್ನೇ ಸರ್ವರಿಗೆ ಸಾಗಿಸುವ ಆಸೆ ಹುಟ್ಟಿಸಿತು. ಕೆವಿಎಂ ಅನ್ನು ರೂಪಿಸಿದ ಇಸ್ರೇಲಿನ ಕುಮ್ರಾನೆಟ್ ಕಂಪನಿಯು ಧ್ವನಿ, ವಿಡಿಯೊಗಳಿಗೂ ಒಗ್ಗುವ ಸ್ಪೈಸ್ ಎಂಬ ನಿಯಮಾವಳಿಯನ್ನು ಕಟ್ಟಿತು; 2008ರಲ್ಲಿ ಆ ಕಂಪನಿಯನ್ನು ಕೊಂಡ ರೆಡ್ ಹ್ಯಾಟ್ ಮರುವರ್ಷ ಅದನ್ನು ಮುಕ್ತಗೊಳಿಸಿತು, ಮತ್ತು 2011ರ 0.14 ಆವೃತ್ತಿಯಲ್ಲಿ ಅದು ಕ್ಯೂಎಮುವಿಗೆ ಸೇರಿತು. ಆದರೂ ವಿಎನ್‌ಸಿ ಹಿಂದೆ ಸರಿಯಲಿಲ್ಲ: ಬ್ರೌಸರಿನಲ್ಲೇ ಓಡುವ ನೋವಿಎನ್‌ಸಿ ಬಂದ ಮೇಲೆ ಓಪನ್‌ಸ್ಟ್ಯಾಕ್, ಪ್ರಾಕ್ಸ್‌ಮಾಕ್ಸ್ ಮುಂತಾದ ವ್ಯವಸ್ಥೆಗಳಲ್ಲಿ ಅದೇ ಕನ್ಸೋಲ್ ಆಯಿತು.

2022ರ 7.0 ಆವೃತ್ತಿಯಲ್ಲಿ ಕ್ಯೂಎಮು ಡಿ-ಬಸ್ ಎಂಬ ಸಂದೇಶ ವ್ಯವಸ್ಥೆಯ ಮೂಲಕ ಪರದೆಯನ್ನೂ ಕೀಲಿಮಣೆಯನ್ನೂ ಬೇರೆ ಪ್ರೋಗ್ರಾಮುಗಳಿಗೆ ಒಪ್ಪಿಸುವ ಏರ್ಪಾಡನ್ನು ಪಡೆಯಿತು. ಇದರಿಂದ ದೂರದ ಸಂಪರ್ಕದ ನಿಯಮಾವಳಿ ಯಾವುದೇ ಇರಲಿ, ಅದನ್ನು ಎಮ್ಯುಲೇಟರಿನ ಹೊರಗೇ ಬರೆದು ಜೋಡಿಸುವ ಅವಕಾಶವಾಯಿತು. 2006ರಲ್ಲಿ ಹೊರಗಿನ ಲೈಬ್ರರಿ ಬೇಡವೆಂದು ಸರ್ವರನ್ನು ಒಳಗೇ ಬರೆದುಕೊಂಡ ನಿರ್ಧಾರಕ್ಕೆ ಇದು ವಿರುದ್ಧವೆಂದು ತೋರಬಹುದಾದರೂ ಹಾಗೆ ಭಾವಿಸಬೇಕಿಲ್ಲ. ಪರದೆಯ ಬದಲಾವಣೆ, ಬಾಣದ ಸ್ಥಾನ, ಒತ್ತಿದ ಕೀಲಿ ಇವುಗಳಲ್ಲಿ ಯಾವುದನ್ನು ಯಾವ ರೂಪದಲ್ಲಿ ದಾಟಿಸಬೇಕೆಂಬುದು ಒಳಗಿನ ಸರ್ವರನ್ನು ತಿದ್ದಿ ತೀಡಿದ ವರ್ಷಗಳಲ್ಲೇ ಇತ್ಯರ್ಥವಾಗಿತ್ತು. ಒಳಹೊರಗುಗಳ ನಡುವಿನ ಗಡಿಯನ್ನು ಖಚಿತವಾಗಿ ಗುರುತಿಸಲು ಸಾಧ್ಯವಾದದ್ದು ಆ ಅನುಭವದಿಂದಲೇ.